ಮಣಿಕಟ್ಟಿನ ಎಲುಬು ಮುರಿದಾಗ: ತಂತಿಯೋ, ಪ್ಲೇಟೋ?

"ಸಿಸ್ಟರ್, ಅವ್ವಗ ತಂತಿ ಹಾಕತೀವಿ ಅಂದಾರ ಡಾಕ್ಟರ್. ಸಾಲ ಮಾಡಿ ಪ್ಲೇಟ್ ಹಾಕಿಸಿದ್ರ ಇನ್ನೂ ಚಲೋ ಆಗತದೇನ್ರಿ?" ವಾರ್ಡಿನಲ್ಲಿ ರೋಗಿಗಳ ಮಕ್ಕಳು ನಮ್ಮನ್ನು ಹೀಗೆ ಕೇಳುತ್ತಿರುತ್ತಾರೆ. ಖರ್ಚು ಕಡಿಮೆ ಎಂದರೆ ಗುಣವೂ ಕಡಿಮೆ ಎಂಬ ಅಳುಕು ಅವರದು. ಅಂಥವರಿಗಾಗಿ ಈ ಮಾಹಿತಿ.

ಜಾರಿ ಬೀಳುವಾಗ ನಾವು ಅಂಗೈ ಊರುತ್ತೇವೆ. ಮೈಭಾರ ಬಿದ್ದು, ಹೆಬ್ಬೆರಳಿನ ಕಡೆಯ ರೇಡಿಯಸ್ ಎಲುಬಿನ ತುದಿ ಮುರಿಯುತ್ತದೆ. ಮುಟ್ಟು ನಿಂತ ಮೇಲೆ ಎಲುಬು ಸವೆಯುವುದರಿಂದ ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಎಲುಬು ಸರಿದಿರದಿದ್ದರೆ ಪ್ಲಾಸ್ಟರ್ ಸಾಕು. ಸರಿದಿದ್ದರೆ ಅರಿವಳಿಕೆ ಕೊಟ್ಟು ಸ್ಥಾನಕ್ಕೆ ತರುತ್ತಾರೆ. ಅಲ್ಲಿಯೇ ನಿಲ್ಲಿಸಲು ಮೂರು ಶಸ್ತ್ರಕ್ರಿಯೆಗಳಿವೆ.

1. ತಂತಿ: ಎಕ್ಸ್-ರೇ ಪರದೆಯಲ್ಲಿ ನೋಡುತ್ತ, ಚರ್ಮದ ಮೂಲಕ ಎರಡು-ಮೂರು ಉಕ್ಕಿನ ತಂತಿಗಳನ್ನು ಎಲುಬಿಗೆ ಸೇರಿಸುತ್ತಾರೆ. ದೊಡ್ಡ ಗಾಯವಿಲ್ಲ. ಮೇಲೆ ಪ್ಲಾಸ್ಟರ್ ಇರುತ್ತದೆ. ಸುಮಾರು 4ರಿಂದ 6 ವಾರಕ್ಕೆ ತಂತಿ ತೆಗೆಯುತ್ತಾರೆ. ತಂತಿಯ ಬುಡದಲ್ಲಿ ಕೀವಾಗದಂತೆ ನೋಡಿಕೊಳ್ಳಬೇಕು.

2. ಪ್ಲೇಟ್: ಅಂಗೈ ಕಡೆಯಿಂದ ಕೊಯ್ದು, ಪ್ಲೇಟ್ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಮಣಿಕಟ್ಟನ್ನು ಬೇಗ ಆಡಿಸಬಹುದು. ಪ್ಲೇಟ್ ಸಾಮಾನ್ಯವಾಗಿ ಒಳಗೇ ಇರುತ್ತದೆ. ಖರ್ಚು ಹೆಚ್ಚು. ಕೆಲವರಲ್ಲಿ ಬೆರಳು ಆಡಿಸುವ ಹುರಿಗಳಿಗೆ ಅದು ತಾಗಿ, ಮುಂದೆ ತೆಗೆಯಬೇಕಾಗಬಹುದು.

3. ಹೊರಗಿನ ರಾಡ್: ಎಲುಬು ಚೂರುಚೂರಾಗಿದ್ದರೆ ಅಥವಾ ಮುರಿದಲ್ಲಿ ತೆರೆದ ಗಾಯವಿದ್ದರೆ ಇದು ಬೇಕಾಗಬಹುದು.

ಯಾವುದು ಮೇಲು? ಬ್ರಿಟನ್ನಿನ 18 ಆಸ್ಪತ್ರೆಗಳಲ್ಲಿ 461 ವಯಸ್ಕರಿಗೆ ಕೆಲವರಿಗೆ ತಂತಿ, ಕೆಲವರಿಗೆ ಪ್ಲೇಟ್ ಹಾಕಿ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ನೋವಿನಲ್ಲಾಗಲಿ, ಕೈಕೆಲಸದಲ್ಲಾಗಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಕೊಯ್ಯದೆ ಕೀಲಿನ ಮುಖ ಸರಿಹೊಂದಿಸಲಾಗದ ರೋಗಿಗಳನ್ನು ಅದರಲ್ಲಿ ಸೇರಿಸಿರಲಿಲ್ಲ. ಅಂಥವರಿಗೆ ಪ್ಲೇಟ್ ಬೇಕಾಗುವುದುಂಟು.

ಸ್ಥಾನಕ್ಕೆ ತಂದ ಮೇಲೆ ಬರೀ ಪ್ಲಾಸ್ಟರ್ ಸಾಕೇ ಎಂದೂ ನೋಡಿದ್ದಾರೆ. 2022ರಲ್ಲಿ ಬಂದ ಫಲಿತಾಂಶದಂತೆ, ವರ್ಷದ ನಂತರ ಪ್ಲಾಸ್ಟರಿನವರ ಕೈಯೂ ತಂತಿಯವರ ಕೈಯಷ್ಟೇ ಚೆನ್ನಾಗಿತ್ತು. ಆದರೆ ಪ್ಲಾಸ್ಟರ್ ಹಾಕಿದ ಸುಮಾರು 8 ಜನರಲ್ಲಿ ಒಬ್ಬರಿಗೆ 6 ವಾರದೊಳಗೆ ಎಲುಬು ಮತ್ತೆ ಸರಿದು ಶಸ್ತ್ರಕ್ರಿಯೆ ಬೇಕಾಯಿತು. ಆದ್ದರಿಂದ ಪ್ಲಾಸ್ಟರ್ ಹಾಕಿಸಿಕೊಂಡವರು ಹೇಳಿದ ದಿನ ಎಕ್ಸ್-ರೇಗೆ ತಪ್ಪದೆ ಬರಬೇಕು.

ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿರಿ: "ಕೊಯ್ಯದೆ ಎಲುಬು, ಕೀಲು ಎರಡೂ ಸ್ಥಾನಕ್ಕೆ ಬರುತ್ತವೆಯೇ?" ಹೌದೆಂದರೆ, ತಂತಿಗೆ ಒಪ್ಪಿ ತಾಯಿಗೆ ಕಡಿಮೆ ಮಾಡಿದೆವೆಂದು ಕೊರಗಬೇಡಿ. ಪ್ಲೇಟೇ ಬೇಕೆಂದರೆ ಕಾರಣ ಕೇಳಿ ತಿಳಿದುಕೊಳ್ಳಿರಿ.

ಯಾವುದೇ ವಿಧಾನವಾಗಲಿ, ಮನೆಯ ಆರೈಕೆ ನಿಮ್ಮ ಕೈಯಲ್ಲಿದೆ:

• ಉಂಗುರ, ಬಳೆ ಮೊದಲೇ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯುವುದು ಕಷ್ಟ.
• ಮೊದಲ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ, ದಿಂಬಿನ ಮೇಲೆ ಇಡಿರಿ.
• ಬೆರಳು, ಮೊಣಕೈ, ಭುಜಗಳನ್ನು ಮೊದಲ ದಿನದಿಂದಲೇ ಆಡಿಸಿರಿ. ಆಡಿಸದ ಬೆರಳು ಬಿಗಿಯುತ್ತದೆ.
• ಪ್ಲಾಸ್ಟರ್, ತಂತಿ ನೆನೆಯಬಾರದು. ಎಣ್ಣೆ ಹಚ್ಚಿ ತಿಕ್ಕಬಾರದು.
• ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ತಡೆಯದಂತಾದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿರಿ. ಕೀವು, ಜ್ವರ ಕಂಡರೆ ಅಂದೇ ತೋರಿಸಿರಿ.

ಕೈ ಗುಣವಾದ ಮೇಲೆ ಎಲುಬು ಸವೆತದ ಪರೀಕ್ಷೆಯ ಬಗ್ಗೆಯೂ ಕೇಳಿರಿ. ಈ ಸಲ ಮಣಿಕಟ್ಟು ಮುರಿದವರಿಗೆ ಮುಂದೆ ಬಿದ್ದಾಗ ಸೊಂಟದ ಎಲುಬು ಮುರಿಯುವ ಭಯ ಹೆಚ್ಚು.