ತಲೆಬಾಗಿಲು, ಹಿತ್ತಿಲ ಬಾಗಿಲು

ಕೆರೆಯಲ್ಲಿ ಕೂತ ಕಪ್ಪೆಯ ರಕ್ತ ಉಪ್ಪು, ಸುತ್ತಲಿನ ನೀರು ಸಪ್ಪೆ. ನಡುವೆ ಇರುವುದು ತೆಳ್ಳಗಿನ, ಸದಾ ಒದ್ದೆಯಾದ ಚರ್ಮವಷ್ಟೆ. ಮೈಯೊಳಗಿನ ಉಪ್ಪೆಲ್ಲ ನೀರಿಗೆ ಸೋರಿಹೋಗಿ ಕಪ್ಪೆ ಎಂದೋ ಸಾಯಬೇಕಿತ್ತು. ಹಾಗಾಗುವುದಿಲ್ಲ. ಉಪ್ಪಿನ ಕೊರತೆಯಾದ ಕಪ್ಪೆಯನ್ನು ತೀರಾ ತೆಳುವಾದ ಉಪ್ಪುನೀರಿಗೆ ಬಿಟ್ಟರೆ ಅದು ಚರ್ಮದ ಮೂಲಕವೇ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1937ರಲ್ಲಿ ತೋರಿಸಿದರು. ಉಪ್ಪು ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಹೋಗುವುದೆಂದರೆ ನೀರು ತಾನಾಗಿ ಗುಡ್ಡ ಹತ್ತಿದಂತೆ. ಯಾರೋ ಹೊರುತ್ತಿರಬೇಕು.

ಹೊರುವವರು ಯಾರೆಂದು ಪತ್ತೆ ಹಚ್ಚಿದ್ದು ಕ್ರೋಗ್ ಅವರ ಪ್ರಯೋಗಾಲಯದಲ್ಲೇ ಪಳಗಿದ ಹಾನ್ಸ್ ಉಸ್ಸಿಂಗ್. ಅವರ ಉಪಾಯ ಸರಳವಾಗಿತ್ತು. ಕಪ್ಪೆಯ ಚರ್ಮದ ತುಂಡೊಂದನ್ನು ಎರಡು ಪುಟ್ಟ ತೊಟ್ಟಿಗಳ ನಡುವೆ ಗೋಡೆಯಂತೆ ಬಿಗಿದರು. ಎರಡೂ ಕಡೆ ಒಂದೇ ಉಪ್ಪುನೀರು, ಒಂದೇ ಪ್ರಮಾಣ. ಚರ್ಮದ ಎರಡು ಬದಿಗಳ ನಡುವೆ ತಾನಾಗಿ ಹುಟ್ಟುವ ವೋಲ್ಟೇಜನ್ನು ಹೊರಗಿನ ವಿದ್ಯುತ್ತಿನಿಂದ ಸೊನ್ನೆಗಿಳಿಸಿದರು. ಈಗ ಉಪ್ಪು ಅತ್ತ ಹರಿಯಲು ಕಾರಣವಿಲ್ಲ, ಇತ್ತ ಹರಿಯಲೂ ಕಾರಣವಿಲ್ಲ. ಆದರೂ ವಿದ್ಯುತ್ ಗಂಟೆಗಟ್ಟಲೆ ಹರಿಯುತ್ತಲೇ ಇತ್ತು. ವಿಕಿರಣಶೀಲ ಸೋಡಿಯಂ ಹಾಕಿ ಲೆಕ್ಕ ತೆಗೆದಾಗ, ಒಳಮುಖವಾಗಿ ದಾಟಿದ ಸೋಡಿಯಮ್ಮಿಗೂ ಆ ವಿದ್ಯುತ್ತಿಗೂ ತಾಳೆಯಾಯಿತು. ಉಸ್ಸಿಂಗ್ ಮತ್ತು ಕಾರ್ಲ್ ತ್ಸೆರಾನ್ ಇದನ್ನು ಪ್ರಕಟಿಸಿದ್ದು 1951ರಲ್ಲಿ. ಸತ್ತ ಕಪ್ಪೆಯಿಂದ ಸುಲಿದ ಚರ್ಮ ಇನ್ನೂ ದುಡಿಯುತ್ತಿತ್ತು!

ಹೇಗೆ ಎಂಬುದಕ್ಕೆ ಉತ್ತರ ಬಂದದ್ದು 1958ರಲ್ಲಿ, ವಾಲ್ಬೋರ್ಗ್ ಕೋಫೋಡ್-ಯೋನ್ಸನ್ ಜೊತೆ ಉಸ್ಸಿಂಗ್ ಬರೆದ ಲೇಖನದಲ್ಲಿ. ನಮ್ಮ ಹಳೆಯ ಪೇಟೆಬೀದಿಗಳ ಸಾಲುಮನೆಗಳನ್ನು ನೆನೆಸಿಕೊಳ್ಳಿ. ಮನೆಗೆ ಮನೆ ಅಂಟಿಕೊಂಡಿದೆ, ಸಂದಿಯಿಲ್ಲ. ಬೀದಿಯಿಂದ ಹಿತ್ತಿಲಿಗೆ ಹೋಗಬೇಕೆಂದರೆ ಯಾರದೋ ಮನೆಯೊಳಗಿಂದಲೇ ಹಾಯಬೇಕು. ಚರ್ಮ, ಕರುಳು, ಮೂತ್ರಪಿಂಡದ ನಳಿಕೆ, ಬೆವರಿನ ನಾಳ, ಇವುಗಳ ಒಳಪದರದ ಜೀವಕೋಶಗಳು ಹೀಗೆಯೇ ನಿಂತಿರುತ್ತವೆ. ಅವುಗಳ ತಲೆಬಾಗಿಲು ಹೊರಗಿನ ದ್ರವಕ್ಕೆ, ಹಿತ್ತಿಲ ಬಾಗಿಲು ರಕ್ತದ ಕಡೆಗೆ. ಗುಟ್ಟೆಲ್ಲ ಇರುವುದು ಈ ಎರಡು ಬಾಗಿಲು ಒಂದೇ ತರಹ ಇಲ್ಲದಿರುವುದರಲ್ಲಿ.

ಹಿತ್ತಿಲ ಕಡೆ ಒಂದು ಪಂಪು ಇದೆ. ಅದು ಕೋಶದ ಇಂಧನವಾದ ಎಟಿಪಿಯ ಒಂದು ಕಣವನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ರಕ್ತದತ್ತ ಎಸೆದು, ಎರಡು ಪೊಟ್ಯಾಸಿಯಮ್ಮನ್ನು ಒಳಗೆಳೆದುಕೊಳ್ಳುತ್ತದೆ. ಇದರ ಬಿಡುವಿಲ್ಲದ ದುಡಿಮೆಯಿಂದ ಕೋಶದೊಳಗಿನ ಸೋಡಿಯಂ ರಕ್ತದಲ್ಲಿರುವುದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಹಾಗಾಗಿ ತಲೆಬಾಗಿಲಲ್ಲಿ ಯಾರೂ ದಬ್ಬಬೇಕಿಲ್ಲ. ಬಾಗಿಲು ತೆರೆದರೆ ಸಾಕು, ಸೋಡಿಯಂ ತಾನೇ ಒಳಗೆ ಬೀಳುತ್ತದೆ. ನಾವು ಸುಮ್ಮನೆ ಕೂತಿರುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಪಂಪಿನ ಪಾಲು.

ಪಂಪು ಸಿಕ್ಕಿದ ಕಥೆ ಇನ್ನೂ ಸ್ವಾರಸ್ಯದ್ದು. ಡೆನ್ಮಾರ್ಕಿನವರೇ ಆದ ಯೆನ್ಸ್ ಸ್ಕೋ ಏಡಿಯ ಕಾಲಿನ ನರಗಳನ್ನು ಅರೆದು, ಸೋಡಿಯಂ ಪೊಟ್ಯಾಸಿಯಂ ಎರಡೂ ಇದ್ದಾಗ ಚುರುಕಾಗುವ ಕಿಣ್ವವೊಂದನ್ನು 1957ರಲ್ಲಿ ವರದಿ ಮಾಡಿದರು. ಮರುವರ್ಷ ವಿಯೆನ್ನಾದ ಸಮ್ಮೇಳನದಲ್ಲಿ ಅಮೆರಿಕದ ರಾಬರ್ಟ್ ಪೋಸ್ಟ್, ಆ ಕಿಣ್ವ ಊವಾಬೈನಿಗೆ ಮಣಿಯುತ್ತದೆಯೇ ಎಂದು ಕೇಳಿದರು. ಊವಾಬೈನ್ ಎಂದರೇನೆಂದೇ ಸ್ಕೋಗೆ ಗೊತ್ತಿರಲಿಲ್ಲ. ಅದು ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದ ಸಸ್ಯವಿಷ. ಕೆಂಪು ರಕ್ತಕಣಗಳಲ್ಲಿ ಅದು ಸೋಡಿಯಂ ಸಾಗಾಟವನ್ನು ನಿಲ್ಲಿಸುತ್ತದೆಂದು ಆಗಲೇ ತಿಳಿದಿತ್ತು. ಸ್ಕೋ ತಮ್ಮ ಪ್ರಯೋಗಾಲಯಕ್ಕೆ ಫೋನ್ ಮಾಡಿ ಪರೀಕ್ಷೆ ಮಾಡಿಸಿದರು, ಕಿಣ್ವ ಮಣಿಯಿತು. ಕಿಣ್ವವೇ ಪಂಪು. ನೊಬೆಲ್ ಬರಲು ಮಾತ್ರ 1997ರವರೆಗೆ ಕಾಯಬೇಕಾಯಿತು. ಅಂದಹಾಗೆ, ನಮ್ಮ ಬೇಲಿಗಳಲ್ಲಿ ಹೂಬಿಡುವ ಕಣಗಿಲೆಯ ವಿಷವೂ ಹಿಡಿಯುವುದು ಇದೇ ಪಂಪಿನ ಕೊರಳನ್ನು.

ಹಿತ್ತಿಲ ಪಂಪು ಬಹುತೇಕ ಎಲ್ಲೆಡೆ ಒಂದೇ. ತಲೆಬಾಗಿಲು ಮಾತ್ರ ಅಂಗಕ್ಕೊಂದು ಬಗೆ. ಸಣ್ಣಕರುಳಿನ ಒಂದು ಬಾಗಿಲಿನ ಷರತ್ತು ವಿಚಿತ್ರ: ಎರಡು ಸೋಡಿಯಂ ಒಂದು ಗ್ಲೂಕೋಸನ್ನು ಕೈಹಿಡಿದು ತಂದರಷ್ಟೇ ಪ್ರವೇಶ. ಸೋಡಿಯಮ್ಮಿಗೂ ಸಕ್ಕರೆಗೂ ಇಂಥ ಜೋಡಿ ಪಯಣವಿದೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದಾಗ ಅದು ಶುದ್ಧ ಶರೀರಶಾಸ್ತ್ರದ ಮಾತು. ಆದರೆ ಕಾಲರಾ ನೋಡಿ. ಅದರ ವಿಷ ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲನ್ನು ಮುಚ್ಚಲಾಗದಂತೆ ತೆರೆದಿಡುತ್ತದೆ. ಕ್ಲೋರೈಡಿನ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು ಕರುಳಿಗೆ ಸುರಿಯುತ್ತವೆ. ಬರೀ ಉಪ್ಪುನೀರು ಕುಡಿಸಿದರೆ ಉಳಿಯುವುದಿಲ್ಲ. ಆದರೆ ಗ್ಲೂಕೋಸಿನ ಜೋಡಿ ಬಾಗಿಲನ್ನು ಆ ವಿಷ ಮುಟ್ಟುವುದಿಲ್ಲ.

1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ನಂಬಿದ್ದು ಈ ಬಾಗಿಲನ್ನೇ. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕುಡಿಸಲು ಮನೆಯವರೇ ಸಾಕು. ಶೇಕಡ 30ರ ಹತ್ತಿರವಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಇಂದಿನ ಓಆರ್‌ಎಸ್‌ನಲ್ಲಿ ಸಕ್ಕರೆ ಇನ್ನೂ ಕಡಿಮೆ, ಲೀಟರಿಗೆ 13.5 ಗ್ರಾಂ. ಸಿಹಿ ಅತಿಯಾದರೆ ಅದೇ ನೀರನ್ನು ಕರುಳಿಗೆ ಎಳೆಯುತ್ತದೆ. ಭೇದಿಯಾದ ಮಗುವಿಗೆ ತಂಪು ಪಾನೀಯ ಕುಡಿಸಬೇಡಿ ಎನ್ನುವುದು ಇದಕ್ಕೇ.

ಮೂತ್ರಪಿಂಡದ ಬಾಗಿಲುಗಳ ಕಥೆ ಬೇರೆಯೇ ಲೇಖನಕ್ಕಾದೀತು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿನ ಸೋಡಿಯಮ್ಮಿನ ನೂರಕ್ಕೆ ತೊಂಬತ್ತೊಂಬತ್ತನ್ನು ಮೂತ್ರಪಿಂಡಗಳು ಮರಳಿ ಪಡೆಯುತ್ತವೆ. ಕೊನೆಯ ಚೂರಿನ ಲೆಕ್ಕ ಆಲ್ಡೋಸ್ಟೆರೋನ್ ಹಾರ್ಮೋನಿನ ಕೈಯಲ್ಲಿದೆ. ಮೈಯಲ್ಲಿ ಉಪ್ಪು ಕಡಿಮೆಯಾದರೆ ಅದು ತಲೆಬಾಗಿಲುಗಳ ಸಂಖ್ಯೆ ಹೆಚ್ಚಿಸುತ್ತದೆ. ಸಾಕೆನಿಸಿದಾಗ ಕೋಶ ಅವನ್ನು ಕಿತ್ತು ಒಳಗಿಡುತ್ತದೆ. ಲಿಡಲ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಕೀಳುವುದೇ ಆಗುವುದಿಲ್ಲ. ಬಾಗಿಲುಗಳು ಉಳಿದುಬಿಡುತ್ತವೆ, ಎಳೆಯ ವಯಸ್ಸಿನಲ್ಲೇ ರಕ್ತದೊತ್ತಡ ಏರುತ್ತದೆ.

ಇದೇ ಬಗೆಯ ಬಾಗಿಲು ಶ್ವಾಸಕೋಶದಲ್ಲೂ ಇದೆ. ಬಸಿರಿನಲ್ಲಿರುವ ಕೂಸಿನ ಶ್ವಾಸಕೋಶ ತುಂಬ ದ್ರವ. ಅದನ್ನು ಸ್ರವಿಸುವುದೂ ಅಲ್ಲಿನ ಕೋಶಗಳೇ. ಹೆರಿಗೆ ನೋವಿನ ಹೊತ್ತಿಗೆ ಏರುವ ಅಡ್ರಿನಲಿನ್ ಸೋಡಿಯಂ ಬಾಗಿಲುಗಳನ್ನು ತೆರೆಸುತ್ತದೆ. ಸೋಡಿಯಂ ರಕ್ತದತ್ತ ಹೊರಡುತ್ತದೆ, ನೀರು ಅದರ ಹಿಂದೆ, ಗಾಳಿಗೆ ಜಾಗವಾಗುತ್ತದೆ. ನೋವು ಶುರುವಾಗುವ ಮೊದಲೇ ಸಿಸೇರಿಯನ್ ಆದ ಕೆಲವು ಕೂಸುಗಳಲ್ಲಿ ಇದು ತುಸು ತಡವಾಗುತ್ತದೆ. ಒಂದೆರಡು ದಿನ ಅವು ಬೇಗಬೇಗ ಉಸಿರಾಡುತ್ತ, ಒಳಗಿನ ನೀರು ಹೋಗುವುದನ್ನು ಕಾಯುತ್ತಿರುತ್ತವೆ.