ಅಂಚಿನ ಗಿಡ ಸೀಗೆ

ಸಕಲೇಶಪುರದ ಘಟ್ಟದಂಚಿನ ಮಳೆಕಾಡಿನಿಂದ ಪೂರ್ವಕ್ಕೆ, ಆಲೂರಿನ ಅರೆಮಲೆನಾಡಿನ ಗುಡ್ಡಗಳತ್ತ ಸರಿದಂತೆ ಮಳೆ ತಗ್ಗುತ್ತದೆ, ಮರಗಳ ಜಾತಿಯೂ ಬದಲಾಗುತ್ತದೆ. ಎರಡೂ ಕಡೆ ಬಾಳಬಲ್ಲ ಗಿಡಗಳಲ್ಲಿ ಸೀಗೆ ಒಂದು. ಕಾಡಿನೊಳಗಿನ ಗಾಢ ನೆರಳು ಅದಕ್ಕೆ ಒಗ್ಗದು. ಹಳ್ಳದ ದಂಡೆ, ಮರ ಉರುಳಿ ತೆರೆದ ಜಾಗ, ಕಾಫಿ ತೋಟದ ಬೇಲಿಸಾಲು, ಹೀಗೆ ಬೆಳಕು ಓರೆಯಾಗಿ ಬೀಳುವಲ್ಲಿ ಅದರ ಮೆಳೆ ಏಳುತ್ತದೆ.

ಸೀಗೆ ಹತ್ತುವ ಪೊದೆ. ಅದಕ್ಕೆ ಕುಡಿಬಳ್ಳಿಗಳಿಲ್ಲ, ಕಾಂಡ ಆಸರೆಯನ್ನು ಸುತ್ತುವುದೂ ಇಲ್ಲ. ಕೊಂಬೆಯ ಉದ್ದಕ್ಕೂ, ಎಲೆದಿಂಡಿನ ಅಡಿಯಲ್ಲೂ ಚದುರಿರುವ ಕೊಕ್ಕೆಮುಳ್ಳುಗಳೇ ಅದರ ಕೈಕಾಲು. ಹಿಂದಕ್ಕೆ ಬಾಗಿದ ಈ ಮುಳ್ಳುಗಳು ನೆರೆಮರದ ರೆಂಬೆಗೆ ಸಿಕ್ಕಿಕೊಂಡರೆ ಸುಲಭಕ್ಕೆ ಬಿಡವು. ಹತ್ತಿರದ ಸಂಬಂಧಿ ಜಾಲಿಯ ನೇರ ಮುಳ್ಳುಗಳು ಜೋಡಿಯಾಗಿ ಎಲೆಬುಡದಲ್ಲಿರುತ್ತವೆ. ಅವು ಉಪಪತ್ರಗಳ ರೂಪಾಂತರ. ಸೀಗೆಯ ಮುಳ್ಳಾದರೋ ಕಾಂಡದ ಹೊರಪದರದಿಂದ ಹುಟ್ಟಿದ್ದು. ಹೀಗೆ ನೆರೆಮರಕ್ಕೆ ಆತುಕೊಂಡು ದಪ್ಪ ಕಾಂಡ ಕಟ್ಟುವ ಖರ್ಚನ್ನು ಉಳಿಸಿಕೊಂಡ ಗಿಡ ಅದನ್ನು ಉದ್ದ ಬೆಳೆಯಲು ಬಳಸುತ್ತದೆ.

ಎಲೆ ಎರಡು ಬಾರಿ ಕವಲೊಡೆದು ನೂರಾರು ಕಿರುಎಲೆಗಳಾಗಿ ಹರಡಿರುತ್ತದೆ. ಚಿಗುರಿಗೆ ಹುಳಿ ರುಚಿ. ಹುಣಸೆಯ ಬದಲು ಅದನ್ನು ಚಟ್ನಿಗೆ ಹಾಕುವುದುಂಟು.

ಸೀಗೆಯ ನಿಜವಾದ ಸೋಜಿಗವಿರುವುದು ಹೂವಿನಲ್ಲಿ. ಒಂದು ಹೂವೆಂದು ಕಾಣುವ, ಸುಮಾರು ಒಂದು ಸೆಂಟಿಮೀಟರ್ ಅಗಲದ ಚೆಂಡು ಹತ್ತಾರು ಪುಟ್ಟ ಹೂಗಳ ಗುಂಪು. ದಳಗಳು ಎದ್ದು ಕಾಣದಷ್ಟು ಚಿಕ್ಕವು. ಕಣ್ಣಿಗೆ ಬೀಳುವುದೆಲ್ಲ ಕೇಸರಗಳೇ. ಇನ್ನೂ ಸೂಕ್ಷ್ಮವಾದದ್ದು ಪರಾಗದ ವ್ಯವಸ್ಥೆ. ಸೀಗೆಯ ಬಳಗದಲ್ಲಿ ಪರಾಗಕಣಗಳು ಬಿಡಿಬಿಡಿಯಾಗಿ ಉದುರದೆ, ಸಾಮಾನ್ಯವಾಗಿ 16ರ ಗಂಟಾಗಿ ಕೀಟದ ಮೈಗೆ ಅಂಟುತ್ತವೆ. ಇನ್ನೊಂದು ಹೂವಿನ ಶಲಾಕಾಗ್ರವೋ, ಅಂಥ ಒಂದು ಗಂಟು ಕೂರುವಷ್ಟೇ ಕಿರಿದು. ಅಂಡಾಶಯದ ಅಂಡಕಗಳ ಸಂಖ್ಯೆಯೂ ಸಾಮಾನ್ಯವಾಗಿ 16ನ್ನು ಮೀರದು. ಆದ್ದರಿಂದ ಕೀಟದ ಒಂದೇ ಭೇಟಿಯಲ್ಲಿ ಇಡೀ ಕಾಯಿಯ ಬೀಜಗಳಿಗೆ ಸಾಲುವಷ್ಟು ಪರಾಗ ಬಂದು ಸೇರಬಹುದು. ಸಾವಿರಾರು ಹೂಗಳಲ್ಲಿ ಕೆಲವೇ ಕಾಯಿಗಟ್ಟಿದರೂ ಗಿಡಕ್ಕೆ ನಷ್ಟವಿಲ್ಲ.

ತಿರುಳುಳ್ಳ ಕಾಯಿ ಒಣಗಿದಾಗ ಸುಕ್ಕುಗಟ್ಟುತ್ತದೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಅಣುವಿನ ಒಂದು ಭಾಗ ಸಕ್ಕರೆ, ಅದು ನೀರಿಗೆ ಒಲಿಯುತ್ತದೆ. ಇನ್ನೊಂದು ಭಾಗ ಎಣ್ಣೆಗೆ ಒಲಿಯುತ್ತದೆ. ನೀರಿನ ಮೇಲ್ಮೈ ಬಿಗಿತ ಸಡಿಲಿಸಿ, ಜಿಡ್ಡನ್ನು ಹಿಡಿದು ನೀರಿನೊಡನೆ ಸಾಗಿಸುವುದು ಈ ಇಬ್ಬಗೆಯ ಗುಣವೇ. ಎಣ್ಣೆಸ್ನಾನಕ್ಕೆ ಸೀಗೆಪುಡಿ ಒದಗುವುದು ಇದರಿಂದ. ಗಿಡಗಳಿಗೆ ಸಪೋನಿನ್ ಶಿಲೀಂಧ್ರ, ಕೀಟಗಳ ವಿರುದ್ಧದ ರಕ್ಷಣೆ. ತಲೆ ತೊಳೆಯುವವರು ಅವುಗಳ ಲೆಕ್ಕದಲ್ಲಿರಲಿಲ್ಲ.

ಸೀಗೆಯೂ ಸೇರಿದ್ದ ಅಕೇಶಿಯ ಕುಲವನ್ನು ಸಸ್ಯವಿಜ್ಞಾನಿಗಳು ಒಡೆದಾಗ, 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದ ತೀರ್ಮಾನದಂತೆ ಆ ಹೆಸರು ಮುಖ್ಯವಾಗಿ ಆಸ್ಟ್ರೇಲಿಯದ ಸಸ್ಯಗಳ ಪಾಲಾಯಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ಅಕೇಶಿಯ ಕಾನ್ಸಿನ್ನ ಎನಿಸಿದ್ದ ಸೀಗೆ ಈಗ ಸೆನೆಗಾಲಿಯ ರುಗಾಟ. ಮಲೆನಾಡಿನ ನೆಡುತೋಪುಗಳ ಅಕೇಶಿಯ ಮರ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿದೆ. ಬೆಳೆದ ಮರದಲ್ಲಿ ಎಲೆಯಂತೆ ಕಾಣುವುದು ಅಗಲಗೊಂಡ ಎಲೆತೊಟ್ಟು. ಸೀಗೆಯಂಥ ಕವಲೆಲೆ ಅದರ ಎಳೆಸಸಿಯಲ್ಲಷ್ಟೇ ಸಿಗುತ್ತದೆ.

ಬೇಲಿ ಸವರುವಾಗ ಸೀಗೆಮೆಳೆ ಮೊದಲು ಕತ್ತಿಗೆ ಸಿಗುತ್ತದೆ. ಆದರೆ ಕಾಡಂಚಿನ ಇಂಥ ಹೆಣೆದ ಪೊದೆ ಬಿಸಿಲನ್ನೂ ಒಣಗಾಳಿಯನ್ನೂ ತಡೆದು ಒಳಗಿನ ತೇವ ಕಾಯುತ್ತದೆ. ತೋಟ, ರಸ್ತೆ, ರೈಲುಹಳಿಗಳು ಕಾಡನ್ನು ತುಂಡರಿಸಿರುವ ಸಕಲೇಶಪುರದಲ್ಲಿ ಇಂಥ ಅಂಚುಗಳೇ ಹೆಚ್ಚು.