ಎಲ್ಲೋರದಲ್ಲಿ ಒಂದು ದಿನ: ಮುತ್ಯಾನ ಹೆಮ್ಮೆ, ಮೊಮ್ಮಗಳ ಪ್ರಶ್ನೆ

ಮುಂಬಯಿ ಮತ್ತು ಉಪನಗರಗಳ ಕನ್ನಡಿಗರಲ್ಲಿ ಎಲ್ಲೋರವನ್ನು ನೋಡಿ ಬಂದವರು ಬಹಳ ಮಂದಿ. ಶಿರ್ಡಿ ಯಾತ್ರೆಯ ಜೊತೆಗೆ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನ, ಪಕ್ಕದಲ್ಲೇ ಇದೆಯೆಂದು ಗುಹೆಗಳಿಗೊಂದು ಸುತ್ತು, ಕೈಲಾಸ ದೇವಾಲಯದ ಆನೆಯ ಮುಂದೆ ನಿಂತು ಒಂದು ಫೋಟೊ, ಮತ್ತೆ ಬಸ್ಸು. ಒಂದೂವರೆ ತಾಸಿನಲ್ಲಿ ಎಲ್ಲವೂ ಮುಗಿಯುತ್ತದೆ. ಊರಿಗೆ ಮರಳಿದ ಮೇಲೆ ಅಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ, ‘ದೊಡ್ಡ ದೊಡ್ಡ ಕಲ್ಲಿನ ಕೆತ್ತನೆ’ ಎಂಬುದಷ್ಟೇ ನೆನಪಿನಲ್ಲಿ ಉಳಿದಿರುತ್ತದೆ.

ಡೊಂಬಿವಲಿಯ ಕನ್ನಡ ಕುಟುಂಬವೊಂದು ಕಳೆದ ಚಳಿಗಾಲದಲ್ಲಿ ಹಾಗೆ ಮಾಡಲಿಲ್ಲ. ಅಜ್ಜ, ಅಜ್ಜಿ, ಮಗ, ಸೊಸೆ, ಮೂವರು ಮೊಮ್ಮಕ್ಕಳು ಸೇರಿ ಏಳು ಮಂದಿ ರಾತ್ರಿ ಕಲ್ಯಾಣದಲ್ಲಿ ದೇವಗಿರಿ ಎಕ್ಸ್‌ಪ್ರೆಸ್ ಹತ್ತಿ, ನಸುಕಿನಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್) ಇಳಿದರು. ಸ್ನಾನ, ಉಪಾಹಾರಕ್ಕೆಂದು ಹೋಟೆಲಿನಲ್ಲಿ ಎರಡು ಕೋಣೆ, ಇಡೀ ದಿನಕ್ಕೆ ಒಂದು ಬಾಡಿಗೆ ವಾಹನ, ಇಡೀ ದಿನಕ್ಕೆ ಒಬ್ಬ ಮಾನ್ಯತೆ ಪಡೆದ ಗೈಡ್. ಇಷ್ಟನ್ನು ಮೊದಲೇ ಗೊತ್ತುಪಡಿಸಿಕೊಂಡಿದ್ದರು. ಅಜಂತ, ದೌಲತಾಬಾದ್, ಬೀಬಿ ಕಾ ಮಕ್ಬರಾ ಯಾವುದನ್ನೂ ಪಟ್ಟಿಗೆ ಸೇರಿಸಿಕೊಳ್ಳದೆ, ಒಂದು ದಿನಕ್ಕೆ ಒಂದೇ ತಾಣ ಎಂದು ನಿರ್ಧರಿಸಿದ್ದು ಅಜ್ಜನೇ.

ಈ ಅಜ್ಜ ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂರು ದಶಕಗಳ ಕಾಲ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಹುಟ್ಟೂರು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕು. ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡದ ಹಾಳುಬಿದ್ದ ಕೋಟೆಯಲ್ಲಿ ಚಿಕ್ಕಂದಿನಲ್ಲಿ ಆಡಿದವರು. ಆ ಮಳಖೇಡವೇ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಮೊಮ್ಮಕ್ಕಳನ್ನು ಕೈಲಾಸದ ಮುಂದೆ ನಿಲ್ಲಿಸಿ ‘ಇದು ನಮ್ಮೂರ ರಾಜರು ಕಟ್ಟಿಸಿದ್ದು’ ಎಂದು ಹೇಳಬೇಕೆಂಬುದು ಅವರ ಬಹುಕಾಲದ ಆಸೆಯಾಗಿತ್ತು.

ಮೇಲಿನಿಂದ ಕೆಳಕ್ಕೆ ಕಟ್ಟಿದ ಗುಡಿ

ನಗರದಿಂದ ಎಲ್ಲೋರಕ್ಕೆ ಸುಮಾರು 30 ಕಿ.ಮೀ. ದಾರಿಯಲ್ಲಿ ದೌಲತಾಬಾದಿನ ಕೋಟೆ ಕಾಣಿಸುತ್ತಿದ್ದಂತೆ ಇದೇ ಯಾದವರ ದೇವಗಿರಿ ಎಂದೂ, ಮುಹಮ್ಮದ್ ಬಿನ್ ತುಘಲಕ್ 1327ರ ಹೊತ್ತಿಗೆ ದೆಹಲಿಯಿಂದ ತನ್ನ ರಾಜಧಾನಿಯನ್ನು ಇಲ್ಲಿಗೇ ಸಾಗಿಸಿದನೆಂದೂ ಗೈಡ್ ಹೇಳಿದರು. ನಡುವಯಸ್ಸಿನ ಮರಾಠಿ ಗೃಹಸ್ಥರು, ಕೊರಳಲ್ಲಿ ಗುರುತುಚೀಟಿ, ಮಾತು ಹಿಂದಿಯಲ್ಲಿ. ನೀವು ಎಲ್ಲಿಯವರು ಎಂದು ಅವರು ಕೇಳಿದಾಗ ಅಜ್ಜ ಡೊಂಬಿವಲಿ ಎನ್ನಲಿಲ್ಲ, ಮಳಖೇಡದ ಕಡೆಯವರು ಎಂದರು. ಗೈಡ್ ಮುಖದಲ್ಲಿ ನಗು ಕಾಣಿಸಿತು. ಹಾಗಾದರೆ ಇವತ್ತು ಬೇರೆ ರೀತಿಯಲ್ಲಿ ತೋರಿಸಬೇಕು ಎಂದರು.

ಎಲ್ಲೋರದಲ್ಲಿ ನೋಡಲು ತೆರೆದಿರುವ ಪ್ರಮುಖ ಗುಹೆಗಳು 34. ಒಂದರಿಂದ 12ರವರೆಗೆ ಬೌದ್ಧ, 13ರಿಂದ 29ರವರೆಗೆ ವೈದಿಕ, 30ರಿಂದ 34ರವರೆಗೆ ಜೈನ. ಸುಮಾರು ಎರಡು ಕಿ.ಮೀ. ಉದ್ದಕ್ಕೆ ಹಬ್ಬಿರುವ ಒಂದೇ ಬೆಟ್ಟದ ಪಶ್ಚಿಮ ಮುಖದಲ್ಲಿ ಮೂರು ಮತಗಳ ಸಾಧಕರು ನೆರೆಹೊರೆಯವರಂತೆ ಬಾಳಿದ್ದರು. ಯುನೆಸ್ಕೊ 1983ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಜನಸಂದಣಿ ಸೇರುವ ಮೊದಲೇ 16ನೇ ಗುಹೆಯಾದ ಕೈಲಾಸವನ್ನು ನೋಡಿಬಿಡೋಣ ಎಂಬುದು ಗೈಡ್ ಸಲಹೆ.

ಕೈಲಾಸವನ್ನು ಗುಹೆ ಎಂದು ಕರೆಯುವುದೇ ತಪ್ಪು. ಅದು ಬೆಟ್ಟದಿಂದ ಬಿಡಿಸಿ ತೆಗೆದ ಪೂರ್ಣ ದೇವಾಲಯ. ಬೆಟ್ಟದ ಮೂರು ಕಡೆ ಆಳವಾದ ಕಂದಕ ಕಡಿದು, ನಡುವೆ ಉಳಿದ ಒಂದೇ ಬಂಡೆಯನ್ನು ಶಿಖರದಿಂದ ಪಾಯದವರೆಗೆ ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬಂದಿದ್ದಾರೆ. ಅಂಗಳದ ಉದ್ದ ಸುಮಾರು 82 ಮೀಟರ್, ಅಗಲ 46 ಮೀಟರ್. ಹಿಂಬದಿಯ ಬಂಡೆಗೋಡೆ 30 ಮೀಟರಿಗೂ ಎತ್ತರ. ಕಡಿದು ಹೊರಹಾಕಿದ ಕಲ್ಲು ಲಕ್ಷಾಂತರ ಟನ್ ಇರಬೇಕೆಂದು ಅಂದಾಜು. ಕಟ್ಟುವ ಗುಡಿಯಲ್ಲಿ ಒಂದು ಕಲ್ಲು ಒಡೆದರೆ ಇನ್ನೊಂದನ್ನು ತಂದು ಇಡಬಹುದು, ಕೆತ್ತುವ ಗುಡಿಯಲ್ಲಿ ಆ ಅವಕಾಶವಿಲ್ಲ.

‘ಇದನ್ನು ಮನುಷ್ಯರು ಮಾಡಿಲ್ಲ, ಆಕಾಶದಿಂದ ಬಂದವರು ಮಾಡಿದ್ದು ಎಂದು ಈಗ ಮೊಬೈಲಿನಲ್ಲಿ ನೋಡಿ ಬಂದು ನನಗೇ ಪಾಠ ಹೇಳುವವರಿದ್ದಾರೆ. ಉಳಿಯ ಗುರುತು ಇಲ್ಲೇ ಇದೆ, ನೋಡಿ’ ಎಂದು ಗೈಡ್ ಗೋಡೆಯತ್ತ ಕೈತೋರಿಸಿದರು. ಮಕ್ಕಳು ಓಡಿಹೋಗಿ ನೋಡಿದರು.

ರಾವಣ ಕೈಲಾಸ ಪರ್ವತವನ್ನು ಅಲುಗಿಸುವ ಶಿಲ್ಪ, ಒಂದು ಗೋಡೆಯಲ್ಲಿ ಸಾಲುಸಾಲಾಗಿ ರಾಮಾಯಣ, ಇನ್ನೊಂದರಲ್ಲಿ ಮಹಾಭಾರತ, ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತಂತೆ ನಿಂತ ಆನೆಗಳು, ಗಂಗೆ, ಯಮುನೆ, ಸರಸ್ವತಿಯರ ಪುಟ್ಟ ಗುಡಿ, ಛಾವಣಿಯಲ್ಲಿ ಅಲ್ಲಲ್ಲಿ ಉಳಿದ ಬಣ್ಣ. ಒಂದೊಂದರ ಮುಂದೆಯೂ ನಿಂತು ನೋಡಲು ಎರಡೂವರೆ ತಾಸು ಹಿಡಿಯಿತು. ಅಜ್ಜಿಗೆ ಮಂಡಿನೋವು. ಮೇಲಂತಸ್ತಿನ ಕಡಿದಾದ ಮೆಟ್ಟಿಲು ಹತ್ತಲಾಗದೆ ಅವರು ಅಂಗಳದಲ್ಲೇ ಕುಳಿತರು. ಅವರ ಪಕ್ಕದಲ್ಲಿ ಒಬ್ಬರನ್ನು ಬಿಟ್ಟು ನಿಧಾನವಾಗಿ ಹೋಗಿಬರಲು ಸಾಧ್ಯವಾದದ್ದು ಇದು ಸ್ವಂತ ವಾಹನದ ಪ್ರವಾಸವಾದ್ದರಿಂದಲೇ. ನಲವತ್ತು ಮಂದಿಯ ಬಸ್ಸಾಗಿದ್ದರೆ ಅಷ್ಟರಲ್ಲಿ ಹಾರ್ನ್ ಕೇಳಿಸುತ್ತಿತ್ತು.

ಒಂದು ತಿದ್ದುಪಡಿ

ನಂದಿಮಂಟಪದ ಬಳಿ ಒಂಬತ್ತನೇ ತರಗತಿಯ ಮೊಮ್ಮಗಳು, ‘ಮುತ್ಯಾ, ಇದನ್ನ ನಮ್ಮವರೇ ಕಟ್ಟಿಸಿದ್ದಾ?’ ಎಂದು ಕೇಳಿದಳು.

‘ಹೌದವ್ವ, ನಮ್ಮ ಮಳಖೇಡದ ರಾಜರು ಕಟ್ಟಿಸ್ಯಾರ’ ಎಂದರು ಅಜ್ಜ.

ಅದನ್ನು ಕೇಳಿಸಿಕೊಂಡ ಗೈಡ್, ಕಾಕಾ, ಒಂದು ತಿದ್ದುಪಡಿ ಹೇಳಲೇ ಎಂದು ಸಂಕೋಚದಿಂದ ಕೇಳಿದರು. ಕೈಲಾಸವನ್ನು ಮಾಡಿಸಿದವನು ಎಂಟನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ. ಅವನ ಅಣ್ಣನ ಮಗ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಜ್ಯ ಕಟ್ಟಿದವನು. ಅವನ ಶಾಸನ ಪಕ್ಕದ 15ನೇ ಗುಹೆಯಾದ ದಶಾವತಾರದಲ್ಲಿದೆ. ಆದರೆ ಮಾನ್ಯಖೇಟ ರಾಜಧಾನಿಯಾದದ್ದು ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲಕ್ಕೆ. ಕೈಲಾಸದ ಕೆತ್ತನೆ ಶುರುವಾದಾಗ ಮಳಖೇಡ ರಾಜಧಾನಿಯಾಗಿರಲಿಲ್ಲ.

ಅಜ್ಜ ಒಂದು ಕ್ಷಣ ಸುಮ್ಮನಾದರು. ನಂತರ, ಶಾಲೆಯಲ್ಲಿ ಮಕ್ಕಳಿಗೆ ಹೀಗೆಯೇ ತಪ್ಪು ಹೇಳಿಕೊಟ್ಟಿರಬೇಕು ಎಂದು ತಾವೇ ನಕ್ಕರು.

ಗೈಡ್ ಅಲ್ಲಿಗೇ ನಿಲ್ಲಿಸಲಿಲ್ಲ. ಕಳೆದುಕೊಂಡದ್ದಕ್ಕಿಂತ ಹೆಚ್ಚಿನದನ್ನು ಅಜ್ಜನ ಕೈಗಿತ್ತರು. ಕೈಲಾಸದ ವಿನ್ಯಾಸಕ್ಕೆ ಅತಿ ಹತ್ತಿರದ ಗುಡಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳು. ಅದಕ್ಕೆ ಕಂಚಿಯ ಕೈಲಾಸನಾಥನ ಪ್ರೇರಣೆ. ಹೀಗೆ ಕಂಚಿಯಿಂದ ಮಲಪ್ರಭೆಯ ದಂಡೆಗೆ, ಅಲ್ಲಿಂದ ಈ ಬೆಟ್ಟಕ್ಕೆ ಒಂದು ಕಲೆ ನಡೆದುಬಂದಿದೆ. ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕರಾಜನ ಸುಮಾರು ಕ್ರಿ.ಶ. 812ರ ಬರೋಡಾ ತಾಮ್ರಶಾಸನದಲ್ಲಿ ಏಲಾಪುರದ ಈ ಗುಡಿಯ ವರ್ಣನೆಯಿದೆ. ದೇವತೆಗಳೇ ಬೆರಗಾದರೆಂದೂ, ಮಾಡಿದ ಶಿಲ್ಪಿಯೇ ಇದನ್ನು ತಾನು ಹೇಗೆ ಮಾಡಿದೆನೆಂದು ಅಚ್ಚರಿಪಟ್ಟನೆಂದೂ ಅದು ಹೇಳುತ್ತದೆ.

ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ವರ್ಣಿಸುತ್ತದೆಯಲ್ಲ ಎಂದು ಅಜ್ಜ ಕೇಳಿದರು. ಗೋದಾವರಿ ಹರಿಯುವುದು ಇಲ್ಲಿಂದ ದಕ್ಷಿಣಕ್ಕೆ, ಪೈಠಣದಲ್ಲಿ ಎಂದರು ಗೈಡ್. ಅಂದರೆ ಆ ಲೆಕ್ಕದಲ್ಲೂ ಎಲ್ಲೋರ ಗಡಿಯಾಚೆ. ರಾಜ್ಯ ದೊಡ್ಡದಿತ್ತು, ಭಾಷೆಯ ನಾಡು ಅದರೊಳಗಿನ ಒಂದು ಭಾಗವಾಗಿತ್ತು. ಈ ಬೆಟ್ಟದಲ್ಲಿ ಉಳಿ ಹಿಡಿದವರು ಯಾವ ಯಾವ ಭಾಷೆಯವರೋ ತಿಳಿಯದು.

ಊಟದ ಹೊತ್ತಿಗೆ ಇನ್ನೊಂದು ನಂಟು ಹೊರಬಿತ್ತು. 1956ರ ನವೆಂಬರ್ 1ರವರೆಗೆ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಪುರಾತತ್ವ ಇಲಾಖೆಯೇ ಈ ಗುಹೆಗಳನ್ನು ಕಾಯ್ದುಕೊಂಡು ಬಂದಿತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಮರಾಠವಾಡ ಮುಂಬಯಿ ರಾಜ್ಯಕ್ಕೆ, ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದವು. ಅಜ್ಜನೂ ಗೈಡ್ ಅವರ ತಂದೆಯೂ ಒಂದೇ ರಾಜ್ಯದಲ್ಲಿ ಹುಟ್ಟಿದವರು. ಇಬ್ಬರೂ ಜೋಳದ ರೊಟ್ಟಿಗೆ ಕೈ ಹಾಕುತ್ತಲೇ ಈ ಮಾತು ಆಡಿಕೊಂಡರು.

ಓದಲಾಗದ ಅಕ್ಷರ

ಮಧ್ಯಾಹ್ನ ಬೌದ್ಧ ಗುಹೆಗಳಲ್ಲಿ ವಿಶ್ವಕರ್ಮ ಚೈತ್ಯವನ್ನೂ ಮೂರಂತಸ್ತಿನ ತೀನ್ ತಾಲ್ ವಿಹಾರವನ್ನೂ ನೋಡಿ, ಕೊನೆಗೆ ಜೈನ ಗುಹೆಗಳಿಗೆ ಬಂದರು. ಬಸ್ ಪ್ರವಾಸಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಭಾಗವೇ. ಇಂದ್ರಸಭೆ ಎನ್ನುವ 32ನೇ ಗುಹೆಯಲ್ಲಿ ಕಾಲಿಗೆ ಬಳ್ಳಿ ಹಬ್ಬಿದ ಬಾಹುಬಲಿಯನ್ನು ಕಂಡ ಅಜ್ಜಿ, ಯಾರೂ ಹೇಳುವ ಮೊದಲೇ ‘ಗೊಮ್ಮಟಪ್ಪ!’ ಎಂದು ಕೈಮುಗಿದರು. ಬೆಳಗಿನಿಂದ ಅಂಗಳದಲ್ಲೇ ಕುಳಿತಿದ್ದ ಅವರಿಗೆ ಆ ದಿನ ಸಾರ್ಥಕವಾಯಿತು.

ಪಕ್ಕದ 33ನೇ ಗುಹೆ ಜಗನ್ನಾಥಸಭೆ. ಇಲ್ಲಿನ ಕಂಬಗಳಲ್ಲಿ ಹಳಗನ್ನಡ ಬರಹದ ತುಣುಕುಗಳಿರುವುದನ್ನು 19ನೇ ಶತಮಾನದಲ್ಲೇ ವಿದ್ವಾಂಸರು ದಾಖಲಿಸಿದ್ದಾರೆ ಎಂದರು ಗೈಡ್. ಎಲ್ಲರೂ ಹುಡುಕಿದರು. ಮಬ್ಬು ಬೆಳಕಿನಲ್ಲಿ ಸವೆದ ಕೆಲವು ಗೀರುಗಳು ಕಂಡವೇ ಹೊರತು ಅದು ಅಕ್ಷರವೋ ಕಲ್ಲಿನ ಬಿರುಕೋ ತಿಳಿಯಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದ ಅಜ್ಜ ಕನ್ನಡಕ ಒರೆಸಿ ಒರೆಸಿ ನೋಡಿದರು. ‘ನನಗೂ ಓದಲಾಕ ಬರಲ್ಲವ್ವ’ ಎಂದರು.

ಆಗ ಮೊಮ್ಮಗಳು ಹೇಳಿದ ಮಾತು ಮನೆಯವರಿಗೆ ಚುಚ್ಚಿತು. ‘ಮುತ್ಯಾ, ನನಗೆ ನಿಮ್ಮ ಪೇಪರ್ ಕೂಡ ಹೀಗೇ ಕಾಣ್ತದೆ.’

ಹುಡುಗಿ ಕುಚೋದ್ಯಕ್ಕೆ ಹೇಳಿದ್ದಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಬೇರೆಯವರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ ಅಜ್ಜನ ಮನೆಯಲ್ಲೇ ಮೂರನೇ ತಲೆಮಾರಿಗೆ ಅದು ಕಂಬದ ಮೇಲಿನ ಗೀರಾಗಿತ್ತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಬರಹ ಸವೆದದ್ದಕ್ಕೆ ಮಳೆಗಾಳಿಯ ಮೇಲೆ ದೂರು ಹೇಳಬಹುದು. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಸವೆದದ್ದಕ್ಕೆ ಯಾರ ಮೇಲೆ ಹೇಳುವುದು?

ಹೋಗುವವರು ಗಮನಿಸಬೇಕಾದದ್ದು

ಎಲ್ಲೋರ ಮಂಗಳವಾರ ಮುಚ್ಚಿರುತ್ತದೆ, ಅಜಂತ ಸೋಮವಾರ. ಅಜಂತ ನಗರದಿಂದ ಸುಮಾರು 100 ಕಿ.ಮೀ. ಬೇರೆ ದಿಕ್ಕಿನಲ್ಲಿರುವುದರಿಂದ ಎರಡನ್ನೂ ಒಂದೇ ದಿನದಲ್ಲಿ ತುರುಕಿಕೊಂಡರೆ ರಸ್ತೆ ನೋಡಿದ್ದೇ ಬಂತು. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಗೈಡ್ ಗೊತ್ತುಮಾಡುವಾಗ ಪ್ರವಾಸೋದ್ಯಮ ಇಲಾಖೆಯ ಗುರುತುಚೀಟಿ ನೋಡಿಕೊಳ್ಳಬೇಕು. ಗುಂಪಿನ ಸಂಖ್ಯೆ, ಅರ್ಧ ದಿನವೋ ಪೂರ್ಣ ದಿನವೋ ಎಂಬುದರ ಮೇಲೆ ಶುಲ್ಕ ಬದಲಾಗುತ್ತದೆ. ಅದನ್ನೂ, ವಾಹನದ ಟೋಲ್, ಪಾರ್ಕಿಂಗ್, ಚಾಲಕನ ಭತ್ಯೆಯನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಒಳಿತು. ಪೈಠಣಿ ಸೀರೆ, ಹಿಮ್ರೂ ಶಾಲು ಬೇಕಾದವರು ಅದಕ್ಕೆಂದೇ ಸಮಯ ಇಟ್ಟುಕೊಳ್ಳಲಿ. ಬೇಡವಾದವರು ಅಂಗಡಿಗೆ ಕರೆದೊಯ್ಯುವುದು ಬೇಡವೆಂದು ಮೊದಲೇ ಹೇಳಿಬಿಡಲಿ. ಚಳಿಗಾಲ ಹಿತಕರ, ಏಪ್ರಿಲ್-ಮೇ ಬಿಸಿಲು ಹಿರಿಯರಿಗೆ ಕಷ್ಟ. ಮಂಡಿನೋವಿನವರೂ ಕೈಲಾಸದ ಅಂಗಳವನ್ನು ಧಾರಾಳವಾಗಿ ನೋಡಬಹುದು.

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಪ್ರವಾಸ ಏರ್ಪಡಿಸುವ ಪರಿಪಾಠ ಹಳೆಯದು. ಅದರಲ್ಲಿ ಒಂದನ್ನಾದರೂ ಇಂತಹ ಅಧ್ಯಯನ ಪ್ರವಾಸವಾಗಿ ಮಾಡಬಹುದು. ಹದಿನೈದಿಪ್ಪತ್ತು ಮಂದಿಯ ಚಿಕ್ಕ ತಂಡ, ಒಂದೇ ತಾಣ, ಒಬ್ಬ ಬಲ್ಲ ಗೈಡ್, ಹೊರಡುವ ಹಿಂದಿನ ವಾರ ಸಂಘದ ಸಭಾಗೃಹದಲ್ಲಿ ಒಂದು ತಾಸಿನ ಪರಿಚಯ ಭಾಷಣ. ‘ಇದೆಲ್ಲ ನಮ್ಮದೇ’ ಎಂದು ಎದೆಯುಬ್ಬಿಸಿ ಬರುವುದಕ್ಕಿಂತ, ಇದರಲ್ಲಿ ನಮ್ಮ ಪಾಲು ಎಷ್ಟು, ನೆರೆಯವರ ಪಾಲು ಎಷ್ಟು ಎಂದು ತಿಳಿದು ಬಂದರೆ ಆ ಹೆಮ್ಮೆ ಗಟ್ಟಿಯಾಗಿ ಉಳಿಯುತ್ತದೆ.

ಡೊಂಬಿವಲಿಯ ಆ ಮನೆಯಲ್ಲಿ ಈಗ ಭಾನುವಾರ ಬೆಳಿಗ್ಗೆ ಒಂದು ತಾಸು ಕನ್ನಡ ಪಾಠ ನಡೆಯುತ್ತಿದೆ. ಮೊಮ್ಮಗಳು ಒತ್ತಕ್ಷರದವರೆಗೆ ಬಂದಿದ್ದಾಳೆ. ಬೇಸಿಗೆ ರಜೆಯಲ್ಲಿ ಮಳಖೇಡಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಅಲ್ಲಿಯ ನಾಮಫಲಕವನ್ನು ಅವಳೇ ಓದಬೇಕೆಂಬುದು ಅಜ್ಜ ಹಾಕಿರುವ ಷರತ್ತು.